ಬೇವೂರಿನ ಎಮ್ಮೆ ಮತ್ತು ನಾಲ್ಕು ಚೌಕದ ಸೇಡು

ಬಾದಾಮಿಯ ಹೊಂಡದ ದಂಡೆಯಲ್ಲಿ ಆ ಹೆಣ್ಣುಮಂಗ ನನ್ನಿಂದ ಕಿತ್ತುಕೊಂಡದ್ದು ರೊಟ್ಟಿಯ ಗಂಟನ್ನು ಮತ್ತು ಕೊರಳಿನ ಸ್ಕಾರ್ಫನ್ನು. ಸೀರೆಯನ್ನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಎಪ್ಪತ್ತರ ದಶಕದ ಕೊನೆಯ ಸಂಗತಿ ಇದು. ಆದರೂ ನಮ್ಮ ಕಡೆ ಕೆಲವರು ಇಂದಿಗೂ ಸೀರೆ ಎಂದೇ ನಂಬಿಕೊಂಡಿದ್ದಾರೆ.

ಆಗ ನಾನು ಹುನಗುಂದದ ಹೆಣ್ಣುಮಕ್ಕಳ ಶಾಲೆಗೆ ಹೊಸದಾಗಿ ಸೇರಿದ್ದೆ. ತವರು ಇಳಕಲ್ಲು. ಹೊಸಬಳು ಸಿಕ್ಕಳೆಂದು ಹಿರಿಯ ಶಿಕ್ಷಕಿಯರೆಲ್ಲ ಸೇರಿ ಗೈಡ್ಸ್ ದಳವನ್ನು ನನ್ನ ಕೊರಳಿಗೆ ಕಟ್ಟಿದರು. ಒಲ್ಲೆನೆನ್ನುತ್ತಲೇ ಹೊತ್ತುಕೊಂಡೆ, ಆಮೇಲೆ ಬಿಡಲು ಮನಸ್ಸಾಗಲಿಲ್ಲ. ಮನೆ, ಶಾಲೆ, ಗುಡಿ ಬಿಟ್ಟು ಬೇರೆ ಹಾದಿ ತುಳಿಯದ ಹುಡುಗಿಯರು ಹಗ್ಗ ಕಟ್ಟಿ ಡೇರೆ ಎಬ್ಬಿಸುವುದನ್ನು ನೋಡಿದರೆ ನನಗೇ ಎದೆ ಉಬ್ಬುತ್ತಿತ್ತು. ಅವರಲ್ಲೊಬ್ಬಳಿದ್ದಳು, ಜವಳಿ ವ್ಯಾಪಾರಿಯ ಮಗಳು. ಬೀಸುವ ಗಾಳಿಯಲ್ಲೂ ಒಂದೇ ಕಡ್ಡಿಯಲ್ಲಿ ಒಲೆ ಹೊತ್ತಿಸುತ್ತಿದ್ದಳು. ಅವಳು ಹಾಕಿದ ಗಂಟನ್ನು ಬಿಚ್ಚಲು ಅವಳೇ ಬರಬೇಕಾಗುತ್ತಿತ್ತು. ಮುಂದೆ ರಾಜ್ಯಮಟ್ಟದ ಶಿಬಿರಕ್ಕೆ ಅವಳನ್ನು ಕಳಿಸಬೇಕೆಂದು ನಾನು ಆಗಲೇ ಮನಸ್ಸಿನಲ್ಲಿ ಗೊತ್ತು ಮಾಡಿದ್ದೆ.

ಬಾದಾಮಿಯ ಶಿಬಿರದಲ್ಲಿ ಸುತ್ತಲಿನ ಹಲವು ಶಾಲೆಗಳ ಹುಡುಗರಿದ್ದರು, ಹುಡುಗಿಯರೆಂದರೆ ನನ್ನ ದಳದವರು ಮಾತ್ರ. ಶಿಬಿರದ ಮುಖ್ಯಸ್ಥರು ಬಾಗಲಕೋಟೆ ಕಡೆಯ ಒಬ್ಬ ಸ್ಕೌಟ್ ಮಾಸ್ತರು. ಮಡಿಕೆ ಮುರಿಯದ ಖಾಕಿ ಚಡ್ಡಿ, ತಿದ್ದಿದ ಮೀಸೆ, ದೊಡ್ಡ ದನಿ. ಕೈಯಲ್ಲಿ ಚಿತ್ರಕಲೆಯಿತ್ತು. ಪ್ರತಿದಿನ ಸಂಜೆ ದೊಡ್ಡ ಹಾಳೆಯೊಂದರಲ್ಲಿ ನಾಲ್ಕು ಚೌಕ ಹೊಡೆದು ಅಂದಿನ ಫಜೀತಿಯ ಚಿತ್ರ ಬರೆದು ಮರಕ್ಕೆ ತೂಗುಹಾಕುತ್ತಿದ್ದರು. ಎಲ್ಲವೂ ಪ್ರಾಣಿಗಳ ಫಜೀತಿಯೇ. ಧ್ವಜಕ್ಕೆ ವಂದನೆ ಸಲ್ಲಿಸುವ ಹೊತ್ತಿಗೆ ಸರಿಯಾಗಿ ಬಂದು ಒದರುತ್ತಿದ್ದ ಅಗಸರ ಕತ್ತೆಗೆ ಅವರು ಸ್ಕೌಟ್ ಟೋಪಿ ತೊಡಿಸಿ ಸಾಲಿನ ಕೊನೆಗೆ ನಿಲ್ಲಿಸಿದರು. ಗಂಟು ಕಲಿಸುವ ಹಗ್ಗವನ್ನು ತಿಂದ ಮೇಕೆಯ ಹೊಟ್ಟೆಯೊಳಗೆ ಅಂದವಾದೊಂದು ಗಂಟು ಬರೆದರು. ನನ್ನ ಹುಡುಗಿಯರು ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಕತ್ತೆಯ ಚಿತ್ರ ನಿಜಕ್ಕೂ ಚೆನ್ನಾಗಿತ್ತು, ಅದನ್ನು ಇಲ್ಲವೆನ್ನಲಾರೆ.

ಕೊನೆಯ ದಿನದ ಸರದಿ ನನ್ನದು. ಬೆಳಿಗ್ಗೆ ಮಂಗ ಬಂತು, ರೊಟ್ಟಿಯ ಗಂಟು ಎಳೆಯಿತು, ಬಿಡಿಸಿಕೊಳ್ಳಲು ಹೋದ ನನ್ನ ಸ್ಕಾರ್ಫಿಗೂ ಕೈ ಹಾಕಿತು. ಗಿಡ ಏರಿ ರೊಟ್ಟಿ ತಿಂದು, ಸ್ಕಾರ್ಫಿನಿಂದ ಬಾಯಿ ಒರೆಸಿಕೊಂಡಿತು. ಇದನ್ನು ಎಲ್ಲರೂ ಕಂಡರು, ಮಾಸ್ತರೂ ಕಂಡರು. ಸಂಜೆ ಮರದ ಮೇಲೆ ತೂಗಿದ ಚಿತ್ರದಲ್ಲಿ ಮಾತ್ರ ಮಂಗನ ಕೈಯಲ್ಲಿ ನನ್ನ ಸೀರೆಯ ಸೆರಗಿತ್ತು. ಎರಡನೆಯ ಚೌಕದಲ್ಲಿ ಮಂಗ ಎಳೆಯುತ್ತಿತ್ತು, ಮೂರನೆಯದರಲ್ಲಿ ನಾನು ಬುಗುರಿಯಂತೆ ತಿರುಗುತ್ತಿದ್ದೆ. ನಾಲ್ಕನೆಯದರಲ್ಲಿ ಮಂಗ ನೀಲಿ ಸೀರೆ ಉಟ್ಟು ಸೀಟಿ ಊದುತ್ತಿತ್ತು, ನಾನು ಪೊದೆಯ ಹಿಂದೆ ಕೂತಿದ್ದೆ.

ಹುಡುಗರು ಕೇಕೆ ಹಾಕಿದರು. ನನ್ನ ಹುಡುಗಿಯರು ನೆಲ ನೋಡಿದರು.

ಅಷ್ಟಕ್ಕೇ ಮುಗಿದಿದ್ದರೆ ಮುಗಿಯುತ್ತಿತ್ತೇನೋ. ಆ ಹಾಳೆಯನ್ನು ಯಾರೋ ಹುಡುಗರು ಸುರುಳಿ ಸುತ್ತಿ ಹುನಗುಂದಕ್ಕೆ ತಂದು ಬಸ್‌ಸ್ಟ್ಯಾಂಡಿನ ಪಕ್ಕದ ಚಹಾದಂಗಡಿಯ ಗೋಡೆಗೆ ಅಂಟಿಸಿದರು. ವಾರದೊಳಗೆ ಜವಳಿ ವ್ಯಾಪಾರಿ ಶಾಲೆಗೆ ಬಂದರು. ಸಭ್ಯ ಮನುಷ್ಯ, ಕೈ ಮುಗಿದೇ ಮಾತಾಡಿದರು.

"ಅಕ್ಕೋರ, ತಪ್ಪ ತಿಳ್ಕೋಬ್ಯಾಡ್ರಿ. ಮಂಗ್ಯಾನ ಕೈಲೆ ಸೀರಿ ಎಳಿಸ್ಕೊಂಡಾವ್ರ ಹಿಂದ ನಮ್ಮ ಹುಡುಗೀನ್ನ ಹ್ಯಾಂಗ ಕಳಸೂದ್ರಿ?"

"ಸೀರಿ ಎಳದಿಲ್ರೀ ಅದು. ಸ್ಕಾರ್ಫ್ ಎಳದೈತಿ."

"ಊರ ಮಂದಿ ಚಿತ್ರಾ ನೋಡ್ಯಾರಲ್ರಿ."

ಅವರ ಹಿಂದೆ ಉಳಿದವರೂ ಬಂದರು. ದಳ ನಿಂತುಹೋಯಿತು. ವ್ಯಾಪಾರಿ ಮಗಳನ್ನು ಶಾಲೆಯಿಂದಲೂ ಬಿಡಿಸಿದರು. ಗೈಡ್ಸ್‌ಗೆಂದು ತಂದ ಹಗ್ಗಗಳನ್ನು ಶಾಲೆಯ ಬಾವಿಗೆ ಬಳಸಿದರು. ಮರುವರ್ಷ ವ್ಯಾಪಾರಿಯ ಮಗಳ ಮದುವೆಯಾಯಿತು. ಊಟಕ್ಕೆ ಹೋಗಿದ್ದೆ. ಅಕ್ಷತೆ ಹಾಕುವಾಗ ಅವಳು ತಲೆ ಎತ್ತಿ ಒಂದು ಸಲ ನನ್ನನ್ನು ನೋಡಿದಳು, ಅಷ್ಟೇ. ರಾಮಥಾಳದ ಕಡೆ ಕೊಟ್ಟರು.

ಆ ನಡುವೆ ಬಾಗಲಕೋಟೆಯಲ್ಲಿ ಒಂದು ತರಬೇತಿ. ಮಾಸ್ತರು ಎದುರಿಗೇ ಸಿಕ್ಕರು. ನಾನು ಎಲ್ಲರ ಮುಂದೆಯೇ ಕೇಳಿದೆ, "ಕಣ್ಣೀಲೆ ಕಂಡಿದ್ದೊಂದು, ಬರದದ್ದೊಂದು. ಯಾಕ್ರಿ ಹಂಗ ಮಾಡಿದ್ರಿ?"

ಅವರು ನಕ್ಕರು. ಕೆಟ್ಟ ನಗೆಯಲ್ಲ, ಅದೇ ನನ್ನನ್ನು ಹೆಚ್ಚು ಉರಿಸಿತು. "ಅಕ್ಕೋರ, ಮನಸಿಗೆ ಹಚ್ಕೋಬ್ಯಾಡ್ರಿ. ನಗ್ಯಾಡಾಕ ಬರದದ್ದು. ಸ್ಕಾರ್ಫ್ ಎಳದ್ರ ಯಾರ ನಗ್ತಾರ್ರಿ?"

ಹುನಗುಂದಕ್ಕೆ ಮರಳುವ ಬಸ್ಸಿನಲ್ಲಿ ನಾನು ಎರಡು ನಿರ್ಧಾರ ಮಾಡಿದೆ. ಈ ಮನುಷ್ಯನ ಚಿತ್ರವನ್ನು ನಾನೂ ಬರೆಯುತ್ತೇನೆ. ಆದರೆ ನಡೆಯದ್ದನ್ನು ಬರೆಯುವುದಿಲ್ಲ. ಎರಡನೆಯ ನಿರ್ಧಾರದಿಂದ ಕೆಲಸ ಕಷ್ಟವಾಯಿತು. ಬರೆಯುವ ಮೊದಲು ಏನಾದರೂ ನಡೆಯಬೇಕಲ್ಲ.

ನಮ್ಮಪ್ಪ ಇಳಕಲ್ಲಿನಲ್ಲಿ ಸೀರೆಯ ಅಂಚಿಗೆ, ಸೆರಗಿಗೆ ನಮೂನೆ ಬರೆಯುತ್ತಿದ್ದರು. ಚೌಕಳಿ ಹಾಳೆಯೇ ಅವರ ಹೊಲ. ರಜೆಯಲ್ಲಿ ಹೋಗಿ ಅವರ ಪಕ್ಕ ಕೂತು, ಪ್ರಾಣಿ ಬರೆಯಲು ಕಲಿಸಿ ಎಂದೆ. ಯಾಕೆಂದು ಅವರು ಕೇಳಲಿಲ್ಲ. "ದನದ ಮುಂದ ಹೋಗಿ ಕುಂದರು. ಕಾಲು ಎಲ್ಲಿ ಮಡಿಚಿಕೋತಾವ ನೋಡು. ಮಾರಿ ಕಡೀಕ ಬರಿ," ಎಂದರಷ್ಟೇ. ಓಣಿಯ ದನ, ಕುರಿ, ನಾಯಿಗಳ ಮುಂದೆಲ್ಲ ಕೂತೆ. ನೆರೆಯವರು ಅಕ್ಕೋರಿಗೆ ಏನೋ ಆಗಿದೆ ಎಂದುಕೊಂಡರು. ಕೈ ಪಳಗಿತು. ಆದರೆ ಬರೆಯುವಂಥದ್ದು ಏನೂ ನಡೆಯಲಿಲ್ಲ. ಮಾಸ್ತರು ಬಿದ್ದರೆಂದೋ ನಾಯಿ ಕಚ್ಚಿತೆಂದೋ ಸುದ್ದಿ ಬರಲೆಂದು ಕಿವಿ ನೆಟ್ಟಿದ್ದೆ. ಆ ಮನುಷ್ಯನಿಗೆ ನೆಗಡಿ ಕೂಡ ಬರುತ್ತಿರಲಿಲ್ಲ.

ಎಂಬತ್ತರ ದಶಕ ಶುರುವಾದ ಮೇಲೆ ಬೇವೂರಿನ ಆಚೆ ಒಂದು ತೋಟದಲ್ಲಿ ಹುಡುಗರ ಶಿಬಿರ ನಡೆಯಿತು. ಮುಖ್ಯಸ್ಥರು ಅವರೇ. ನನಗೆ ದಳವಿಲ್ಲದಿದ್ದರೂ ಅಡುಗೆಯ ಉಸ್ತುವಾರಿಗೆ ಕರೆದರು. ಹೂಂ ಎಂದೆ.

ಶಿಬಿರಕ್ಕೆ ಹಾಲು ತೋಟದ ಮನೆಯಿಂದ ಬರುತ್ತಿತ್ತು. ಮೊದಲ ದಿನ ಹಾಲು ತರಲು ಹೋದಾಗ ತೋಟದ ಒಡತಿ ಕೊಟ್ಟಿಗೆಯ ಬಾಗಿಲಲ್ಲೇ ನಿಂತು ನಮ್ಮ ಅಡುಗೆಯವನನ್ನು ತಡೆದರು. "ಅವನ ಒಳಗ ಬಿಡಬ್ಯಾಡ್ರಿ. ನಮ್ಮೆಮ್ಮಿಗೆ ಗಂಡಸರು ಅಂದ್ರ ಆಗಂಗಿಲ್ಲ. ನಮ್ಮನಿಯಾವ್ರು ಹಿಂಡಬೇಕಾದ್ರೂ ನನ್ನ ಸೀರಿ ಸುತ್ತಿಕೊಂಡ ಕೂಡ್ತಾರ."

"ಸೀರಿ ಸುತ್ತಿಕೊಂಡ್ರ ಸುಮ್ಮನ ನಿಲ್ತೈತಿ?"

"ನಿಲ್ತೈತಿ. ಆದ್ರ ಬಾಯಿ ಬಿಚ್ಚಬಾರದು ನೋಡ್ರಿ. ಗಂಡಸರ ದನಿ ಕಿವೀಗೆ ಬಿತ್ತಂದ್ರ ಮುಗೀತು."

ಅಂದು ನಾನು ಒಲೆಯ ಮುಂದೆ ಕೂತು ಎಮ್ಮೆಯ ಯೋಚನೆಯಲ್ಲೇ ಪಲ್ಯ ಸೀಯಿಸಿದೆ. ಹುಡುಗರು ಗೊಣಗಿದರು. ನನ್ನ ಕಿವಿಗೆ ಏನೂ ಬೀಳಲಿಲ್ಲ.

ಮೂರ್ನಾಲ್ಕು ದಿನಕ್ಕೆ ವಿಜಾಪುರದಿಂದ ಸಾಹೇಬರೊಬ್ಬರು ಶಿಬಿರ ನೋಡಲು ಬರುವವರಿದ್ದರು. ಅವರ ಮುಂದೆ ಏನು ತೋರಿಸೋಣವೆಂದು ಮಾಸ್ತರು ಯೋಚಿಸುತ್ತಿದ್ದಾಗ, ಜಾನುವಾರು ಆರೈಕೆ ತೋರಿಸಿ, ಸ್ಕೌಟ್‌ಗಳಿಗೆ ಹಾಲು ಹಿಂಡಲು ಕಲಿಸಿ ಎಂದೆ. ಅವರ ಮುಖ ಅರಳಿತು. ರೈತರ ಮನೆತನದವರು, ಸಣ್ಣವರಿದ್ದಾಗ ಬೇಕಾದಷ್ಟು ಹಿಂಡಿದ್ದರಂತೆ.

"ಈ ಎಮ್ಮಿ ಗಂಡಸರಿಗೆ ನಿಲ್ಲಂಗಿಲ್ಲಂತ್ರಿ," ಎಂದೆ ನಾನು. "ಸೀರಿ ಸುತ್ತಿಕೊಂಡ್ರ ನಿಲ್ತೈತಂತ."

ಇದು ಖರೆಯ ಮಾತೇ. ಉಳಿದ ಒಂದು ಮಾತನ್ನು ಮಾತ್ರ ನನ್ನಲ್ಲೇ ಇಟ್ಟುಕೊಂಡೆ.

"ಎಂಥಾ ಸೀರಿ! ನನ್ನ ಕೈಯಾಗ ಎಂಥಾ ದನಾನೂ ನಿಲ್ತೈತಿ," ಎಂದು ಅವರು ಮೀಸೆ ತಿರುವಿದರು.

ಸಾಹೇಬರು ಬಂದರು, ಕುರ್ಚಿ ಹಾಕಿದೆವು. ಹುಡುಗರು ಕುದುರೆಲಾಳದಂತೆ ಬಳಸಿ ಕೂತರು. ಎಮ್ಮೆಯನ್ನು ತೋಟದ ಹೊಂಡದಿಂದ ಸ್ವಲ್ಪ ದೂರದ ಬೇವಿನ ಮರಕ್ಕೆ ಕಟ್ಟಿದ್ದರು. ಮಾಸ್ತರು ಖಾಕಿಯಲ್ಲೇ ಹತ್ತಿರ ಹೋದರು. ಅದು ಒಂದೇ ಒದೆಗೆ ತಂಬಿಗೆಯನ್ನು ಸಾಹೇಬರ ಕಾಲ ಬಳಿ ಕಳಿಸಿತು. ಹುಡುಗರು ಕಿಸಕ್ಕೆಂದರು. ಈಗ ಹಿಂದೆ ಸರಿಯುವಂತಿರಲಿಲ್ಲ. ಅವರು ನನ್ನ ಕಡೆ ನೋಡಿದರು. ಒಡತಿಯ ಹಸಿರು ಸೀರೆ ನನ್ನ ಹೆಗಲ ಮೇಲೇ ಇತ್ತು.

ಚಡ್ಡಿಯ ಮೇಲೆ ಸೀರೆ ಸುತ್ತಿ, ಸೆರಗು ಹೊದ್ದು, ಮೀಸೆ ಮುಚ್ಚಿಕೊಂಡು ಕೂತರು. ಎಮ್ಮೆ ಮೂಸಿತು, ಕಿವಿ ಆಡಿಸಿತು, ಕಣ್ಣು ಅರೆ ಮುಚ್ಚಿತು. ಹಾಲು ಸೊರ್‌ಸೊರ್ ಎಂದು ತಂಬಿಗೆಗೆ ಬೀಳತೊಡಗಿತು. ಅವರಿಗೆ ಕೆಲಸ ಬರುತ್ತಿತ್ತು, ಸುಳ್ಳಲ್ಲ. ಸಾಹೇಬರು ಭೇಷ್ ಎಂದು ತಲೆದೂಗಿದರು. ಆಗ ನಾನು ಬಹಳ ವಿನಯದಿಂದ ಹೇಳಿದೆ:

"ಸರ, ಹುಡುಗರಿಗೆ ಒಂಚೂರು ತಿಳಿಸಿ ಹೇಳ್ರಲ್ಲಾ."

ಅವರು ಸೆರಗು ಸರಿಸಿ, ಕವಾಯತಿನ ದನಿಯಲ್ಲಿ "ನೋಡ್ರಿಲೇ ಇಲ್ಲಿ!" ಎಂದರು.

ಎಮ್ಮೆ ಕಣ್ಣು ತೆರೆಯಿತು. ತಿರುಗಿ ನೋಡಿತು. ಅಷ್ಟು ವರ್ಷದಿಂದ ತನಗಾದ ಮೋಸವೆಲ್ಲ ಒಮ್ಮೆಲೇ ತಿಳಿದಂತೆ ನೋಡಿತು. ಮರುಕ್ಷಣ ಹಗ್ಗ ಕಿತ್ತಿತ್ತು, ಸೆರಗು ಕೋಡಿಗೆ ಸಿಕ್ಕಿತ್ತು. ಮಾಸ್ತರು ಗಟ್ಟಿಯಾಗಿ ಬಿಗಿದ ಸೊಂಟದ ಗಂಟು ಬಿಚ್ಚಲಿಲ್ಲ. ಎಮ್ಮೆ ಮುಂದೆ, ಹಸಿರು ಸೀರೆ ನಡುವೆ, ಅವರು ಹಿಂದೆ, ಮೂರೂ ಹೊಂಡದ ಕಡೆ ಓಡಿದವು. ದಂಡೆಯಲ್ಲಿ ಗಂಟು ಸಡಿಲಿತು. ಅವರು ಬುಗುರಿಯಂತೆ ಎರಡು ಸುತ್ತು ತಿರುಗಿ ಕೆಸರಿನಲ್ಲಿ ಕೂತರು. ಎಮ್ಮೆ ಸೀರೆ ಹೊದ್ದುಕೊಂಡೇ ಈಜಿತು. ಸಾಹೇಬರು ಕುರ್ಚಿ ಹಿಡಿದುಕೊಂಡು ನಕ್ಕರು.

ಆ ಸಂಜೆ ನಾನು ನಾಲ್ಕು ಚೌಕ ಹೊಡೆದೆ. ಒಂದು ಗೆರೆಯನ್ನೂ ಹೆಚ್ಚಿಸಲಿಲ್ಲ. ಕಾಲು ಮೊದಲು, ಮುಖ ಕೊನೆಗೆ. ಪ್ರತಿ ಊರಿನ ಹುಡುಗರಿಗೂ ಒಂದೊಂದು ಪ್ರತಿ ಮಾಡಿ ನಾನೇ ಕೊಟ್ಟೆ: ಬಾಗಲಕೋಟೆಗೆ, ಬಾದಾಮಿಗೆ, ಗುಳೇದಗುಡ್ಡಕ್ಕೆ, ಇಳಕಲ್ಲಿಗೆ. ಒಡತಿಗೆ ಹೊಸ ಸೀರೆಯನ್ನು ಇಳಕಲ್ಲಿನಿಂದ ತರಿಸಿಕೊಟ್ಟೆ. ಜೀವನದಲ್ಲಿ ಅಷ್ಟು ಸಂತೋಷದಿಂದ ಬೇರೆ ಸೀರೆ ಕೊಂಡಿಲ್ಲ.

ಮಾಸ್ತರಿಗೆ 'ಸೀರಿ ಮಾಸ್ತರ್' ಎಂಬ ಹೆಸರು ಬಿತ್ತು. ಮಳೆಗಾಲ ಮುಗಿಯುವುದರೊಳಗೆ ಅವರು ಹುನಗುಂದಕ್ಕೆ ಬಂದರು. ಮೀಸೆ ಸ್ವಲ್ಪ ಇಳಿದಿತ್ತು.

"ಅಕ್ಕೋರ, ಸಾಕ್ರಿ. ತರಗತ್ಯಾಗ ಹಲಗಿ ಕಡೆ ತಿರುಗಿದ್ರ ಹಿಂದ ಎಮ್ಮಿ ಹಂಗ ಒದರ್ತಾರ."

"ನಗ್ಯಾಡಾಕ ಬರದದ್ದ್ರಿ. ಮನಸಿಗೆ ಹಚ್ಕೋಬ್ಯಾಡ್ರಿ," ಎಂದೆ.

ಅವರು ಮೀಸೆಯ ಕಡೆ ಕೈ ಒಯ್ದು, ಹಾಗೆಯೇ ಇಳಿಸಿದರು. ಆಮೇಲೆ, "ನಾ ಏನ ಮಾಡಬೇಕು ಹೇಳ್ರಿ," ಎಂದರು.

ಅದಕ್ಕೆ ಉತ್ತರ ನನ್ನಲ್ಲಿ ಸಿದ್ಧವಿತ್ತು. ಅವರನ್ನು ಹುಡುಗಿಯರ ಮನೆಮನೆಗೆ ಕರೆದೊಯ್ದೆ. ಮಂಗ ಎಳೆದದ್ದು ಸ್ಕಾರ್ಫು, ಸೀರೆ ತಮ್ಮ ಕಲ್ಪನೆ ಎಂದು ಅವರ ಬಾಯಿಂದಲೇ ಹೇಳಿಸಿದೆ. ಕೆಲವು ತಂದೆಯರಿಗೆ ಮುಖ ಎತ್ತಲಾಗಲಿಲ್ಲ. ಇನ್ನು ಕಳಿಸುವುದಿಲ್ಲ ಎನ್ನಲು ಕಾರಣ ಉಳಿಯಲಿಲ್ಲವಲ್ಲ. ಆ ಹುಡುಗಿಯರ ತಂಗಿಯರನ್ನು, ಕಿರಿಯ ಹುಡುಗಿಯರನ್ನು ಕಳಿಸಲು ಒಪ್ಪಿದರು.

ಕೊನೆಗೆ ಜವಳಿ ವ್ಯಾಪಾರಿಯ ಅಂಗಡಿ. ಮಾಸ್ತರು ಎಲ್ಲವನ್ನೂ ಹೇಳಿದರು. ವ್ಯಾಪಾರಿ ಬಟ್ಟೆ ಮಡಿಚುತ್ತಲೇ ಕೇಳಿದರು, "ಯಾವ ಚಿತ್ರಾರಿ? ಹಾಂ, ಅದಾ! ಅದಕ್ಕೇನ್ರಿ, ನಮಗ ಆಗ ವರಾ ಬಂದಿತ್ತು. ಸಾಲಿ ಬಿಡಿಸಾಕ ಒಂದ ಮಾತ ಬೇಕಾಗಿತ್ತು, ಹೇಳಿದ್ವಿ."

ನನ್ನ ಕಿವಿ ಬಿಸಿಯಾಯಿತು. ಹೊರಗೆ ಬಂದ ಮೇಲೆ ಮಾಸ್ತರು ದೊಡ್ಡ ಉಸಿರು ಬಿಟ್ಟರು. "ನೋಡ್ರಿ, ನನ್ನ ಚಿತ್ರದ್ದೇನೂ ತಪ್ಪಿದ್ದಿಲ್ಲಲ್ಲ."

ಅದೊಂದು ಮಾತು ಅವರು ಆಡದಿದ್ದರೆ ಬಹುಶಃ ನಾನು ಕರಗುತ್ತಿದ್ದೆ. ಬೆಳಿಗ್ಗೆಯಿಂದ ಬಿಸಿಲಿನಲ್ಲಿ ಮನೆಮನೆ ತಿರುಗಿದ ಮನುಷ್ಯನನ್ನು ನೋಡಿ ಒಳಗೆ ಏನೋ ಸಡಿಲಾಗುತ್ತಿತ್ತು.

"ನೆವಾ ಬರದು ಕೊಟ್ಟಾವ್ರು ನೀವಽ," ಎಂದೆ. "ಬಸ್ ಬಂತು, ಹತ್ರಿ."

ಅವರು ಕಿಟಕಿಯಿಂದ ತಲೆ ಹೊರಗೆ ಹಾಕಿ, ಚಿತ್ರಗಳನ್ನು ತೆಗೆಸುತ್ತೀರೇನು ಎಂದು ಕೇಳಿದರು. ಇಲ್ಲ ಎಂದೆ. ತೆಗೆಸಲೂ ಇಲ್ಲ. ಅವರು ನಿವೃತ್ತರಾಗುವವರೆಗೂ ಆ ಹೆಸರು ಅವರನ್ನು ಬಿಡಲಿಲ್ಲವೆಂದು ಕೇಳಿದ್ದೇನೆ, ಕೇಳಿದಾಗಲೆಲ್ಲ ಊಟ ರುಚಿಸಿದೆ. ವ್ಯಾಪಾರಿಯ ಅಂಗಡಿಯಲ್ಲಿ ಆಮೇಲೆ ಒಂದು ಕರವಸ್ತ್ರವನ್ನೂ ಕೊಂಡಿಲ್ಲ. ಆ ವ್ಯಾಪಾರಿಯ ಚಿತ್ರ ಬರೆಯಲು ಎಷ್ಟೋ ಸಲ ಕೂತೆ, ಆಗಲಿಲ್ಲ. ಬಟ್ಟೆ ಮಡಿಚುತ್ತ ಕೂತವರನ್ನು ನೋಡಿ ಯಾರು ನಗುತ್ತಾರೆ?

ಮರುವರ್ಷ ದಳ ಮತ್ತೆ ಶಿಬಿರಕ್ಕೆ ಹೊರಟಿತು. ಹೊರಡುವ ಹಿಂದಿನ ದಿನ ವ್ಯಾಪಾರಿಯ ಮಗಳು ತವರಿಗೆ ಬಂದವಳು ಶಾಲೆಗೂ ಬಂದಳು, ಕಂಕುಳಲ್ಲಿ ಕೂಸು. ಶಾಲೆಯ ಗೋಡೆಗೆ ನಾನು ಅಂಟಿಸಿದ್ದ ಎಮ್ಮೆಯ ಚಿತ್ರವನ್ನು ನೋಡಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಕೂಸು ಬೆದರಿ ಅತ್ತಿತು. ಅಂಗಳದಲ್ಲಿ ಹುಡುಗಿಯೊಬ್ಬಳು ಡೇರೆಯ ಹಗ್ಗದೊಂದಿಗೆ ಒದ್ದಾಡುತ್ತಿದ್ದಳು. ಇವಳು ಕೂಸನ್ನು ನನ್ನ ಕೈಗಿತ್ತು, "ಹಂಗಲ್ಲಬೇ, ಇಲ್ಲಿ ತಾ," ಎಂದು ಹೋಗಿ ಗಂಟು ಹಾಕಿದಳು. ಎರಡು ಸಲ ಜಗ್ಗಿ ನೋಡಿದಳು. ಆಮೇಲೆ ಕೂಸನ್ನು ಇಸಿದುಕೊಂಡು, ಮನೆಯಲ್ಲಿ ಕಾಯುತ್ತಾರೆಂದು ಹೊರಟುಹೋದಳು.