ಗೆರೆಯಿಲ್ಲದ ಹೆಬ್ಬೆರಳು

ಹರಿಗೋಲಿನ ತಾತನ ಬಲಗೈ ಹೆಬ್ಬೆರಳಿನಲ್ಲಿ ಒಂದು ಗೆರೆಯೂ ಉಳಿದಿರಲಿಲ್ಲ. ಐವತ್ತು ವರ್ಷ ಹುಟ್ಟು ಹಾಕಿ ಹಾಕಿ ಅದು ಹೊಳೆಯ ಕಲ್ಲಿನಂತೆ ನುಣ್ಣಗಾಗಿತ್ತು. ರೇಷನ್ ಅಂಗಡಿಯ ಯಂತ್ರ ಅದನ್ನು ಗುರುತಿಸುತ್ತಿರಲಿಲ್ಲ. "ಈ ಡಬ್ಬಿ ಲೆಕ್ಕದಾಗ ನಾ ಸತ್ತೀನಿ ನೋಡ್ಲೇ" ಎಂದು ನಗುತ್ತಿದ್ದರು.

ಕಂಪ್ಲಿ ಕಡೆಯ ಹೊಳೆ ದಾಟಿ ಮೂರು ವರ್ಷ ನಾನು ಕಾಲೇಜಿಗೆ ಹೋದದ್ದು ಅವರ ಹರಿಗೋಲಿನಲ್ಲಿ. ನಮ್ಮ ಮನೆಯಲ್ಲಿ ಅದಕ್ಕೂ ಮುಂಚೆ ಯಾರೂ ಏಳನೇ ಕ್ಲಾಸು ಮುಗಿಸಿರಲಿಲ್ಲ. ತಾತ ಮಾತ್ರ ಮೊದಲ ದಿನವೇ ನನಗೆ ಹೆಸರಿಟ್ಟುಬಿಟ್ಟರು: "ಬಾರಲೇ ಡಿಗ್ರಿ, ನಡುವ ಕುಂದ್ರು."

ಹರಿಗೋಲಿನಲ್ಲಿ ಸದಾ ಒಂದು ಚೀಲ ಭತ್ತದ ಹೊಟ್ಟು ಇರುತ್ತಿತ್ತು, ರೈಸ್ ಮಿಲ್ಲಿನಿಂದ ತಂದದ್ದು. ಬೇಸಿಗೆಯಲ್ಲಿ ಮಡುವಿನ ನೀರು ಅಲುಗದೆ ನಿಂತಾಗ, ಮೊದಲು ಒಂದು ಹಿಡಿ ಎರಚುತ್ತಿದ್ದರು. ಹೊಟ್ಟು ಸರಿದ ಕಡೆ ಸೆಳೆತ, ಗಿರಕಿ ಹೊಡೆದ ಕಡೆ ಸುಳಿ. "ಸುಮ್ಮನಿದ್ದ ನೀರಾಗ ಮುಗಿಲು ಕಾಣ್ತೈತಿ, ನೀರು ಕಾಣಂಗಿಲ್ಲ" ಎನ್ನುತ್ತಿದ್ದರು.

ಡಿಗ್ರಿ ಮುಗಿಸಿ ನಾನು ಕೆಲಸಕ್ಕೆ ಸೇರಿದ ಮೇಲೆ, ಪ್ರವಾಸಿಗರಿಗೆ ಹಂಪಿಯನ್ನು ಮೇಲಿನಿಂದ ತೋರಿಸುವ ಹೆಲಿಕಾಪ್ಟರಿನವರು ಬಂದರು. ಅವರ ಮ್ಯಾನೇಜರ್ ಒಂದು ಭಾನುವಾರ ದಡಕ್ಕೆ ಬಂದು, ಮಡುವಿನ ನಡುವೆ ಹರಿಗೋಲು ತಿರುಗಿಸುತ್ತಿರಬೇಕು, ಫೋಟೊಗಾಗಿ ಹೆಲಿಕಾಪ್ಟರ್ ನೀರಿಗೆ ತಾಗುವಷ್ಟು ಕೆಳಗೆ ಬರುತ್ತದೆ ಎಂದ.

"ಗಾಳಿ ಇಲ್ಲದ ಹೊತ್ನಾಗ ಬ್ಯಾಡ್ರಿ" ಎಂದರು ತಾತ. "ನೀರು ಎಲ್ಲೈತಿ ಅಂತ ಮ್ಯಾಲಿದ್ದವರಿಗೆ ಗೊತ್ತಾಗಂಗಿಲ್ಲ. ಬೇಕಾದ್ರ ದಿನಾ ಹೊಟ್ಟು ಚೆಲ್ಲಿ ಇಡ್ತೀನಿ, ಅದು ಕಂಡ್ರ ಬರ್ರಿ."

"ಅದರಾಗ ಎತ್ತರ ಅಳಿಯೋ ಮಷಿನ್ ಐತಿ ತಾತ. ನಿನ್ನ ಹೊಟ್ಟು ಇಟ್ಟಂಗಿ ಭಟ್ಟಿಗೆ ಹಾಕು." ಜೊತೆಗೆ ಬಂದವರೆಲ್ಲ ನಕ್ಕರು. ತಾತ ಹರಿಗೋಲು ತಿರುಗಿಸಲು ಒಪ್ಪಲಿಲ್ಲ.

ಮುಂದಿನ ಭಾನುವಾರ ಮಧ್ಯಾಹ್ನ ನಾನು ದಡದಲ್ಲೇ ಇದ್ದೆ. ಒಂದು ಎಲೆ ಅಲುಗುತ್ತಿರಲಿಲ್ಲ. ಹೆಲಿಕಾಪ್ಟರ್ ಹಂಪಿ ಕಡೆಯಿಂದ ಬಂತು, ಇಳಿಯಿತು, ಇನ್ನೂ ಇಳಿಯಿತು, ಕೆಳಗೆ ಇನ್ನೂ ಜಾಗ ಇದೆಯೆಂಬಂತೆ ನೇರ ನೀರಿಗೆ ನುಗ್ಗಿತು. ತಾತ ಆಗಲೇ ಹರಿಗೋಲು ನೂಕಿದ್ದರು. ಪೈಲಟ್ ಹುಡುಗನನ್ನೂ ಒಬ್ಬ ಹೆಂಗಸನ್ನೂ ಎಳೆದುಕೊಂಡರು. ಆಕೆಯ ಗಂಡ ಬೆಲ್ಟಿನಲ್ಲೇ ಮುಳುಗಿದ. "ಪಾನಿ ನಹೀ ದಿಖಾ, ಬಾಬಾ" ಎಂದು ಪೈಲಟ್ ದಡದವರೆಗೂ ಅದನ್ನೇ ಹೇಳುತ್ತಿದ್ದ. ನೀರೇ ಕಾಣಲಿಲ್ಲವಂತೆ.

ವಿಚಾರಣೆಗೆ ಬಂದ ಸಾಹೇಬರಿಗಾಗಿ ತಾತನ ಹೇಳಿಕೆಯನ್ನು ನಾನೇ ಬರೆದೆ, ಅವರ ಮಾತಿನಲ್ಲೇ. ಅವರು ಹೆಬ್ಬೆಟ್ಟು ಒತ್ತಿದರು. ಸಾಹೇಬರು ನೋಡಿ, "ಗೆರೆಯೇ ಮೂಡಿಲ್ಲ, ನಡೆಯುವುದಿಲ್ಲ" ಎಂದು ಹಾಳೆ ವಾಪಸ್ ಕೊಟ್ಟರು.

ಮೂರನೇ ದಿನ ಅದೇ ಸಾಹೇಬರು ಟೈಪ್ ಮಾಡಿದ ಹಾಳೆ ಹಿಡಿದು ತಾತನ ಗುಡಿಸಲಿಗೇ ಬಂದರು. ಹಿಂದೆ ಮ್ಯಾನೇಜರ್. ಜೀವ ಉಳಿಸಿದ್ದಕ್ಕೆ ಸನ್ಮಾನವಂತೆ. ಆ ಹೆಂಗಸಿನ ಗಂಡನ ಹೆಣ ಸುಟ್ಟು ಇನ್ನೂ ಎರಡು ದಿನವಾಗಿರಲಿಲ್ಲ. ಈ ಮ್ಯಾನೇಜರ್ ತಾತನ ಹೆಗಲಿಗೆ ಜರಿಶಾಲು ಹೊದಿಸಿ ಫೋಟೊ ತೆಗೆಸಿಕೊಂಡ. ಸಾಹೇಬರು ಇಂಕಿನ ಪ್ಯಾಡು ತೆರೆದು, ತಾವೇ ತಾತನ ಬೆರಳು ಹಿಡಿದು ಅದ್ದಿದರು. "ಇಲ್ಲೊಂದು ಒತ್ತಿಬಿಡ್ರಿ, ಮುಗೀತು."

"ಡಿಗ್ರಿ, ಓದಲೇ" ಎಂದರು ತಾತ.

ಓದಿದೆ. ಇದ್ದಕ್ಕಿದ್ದಂತೆ ಎದ್ದ ಬಿರುಗಾಳಿಯಿಂದ ಅಪಘಾತವಾಯಿತೆಂದು ಕಣ್ಣಾರೆ ಕಂಡಿದ್ದೇನೆ, ಎಂದಿತ್ತು.

ತಾತ ಬೆರಳನ್ನು ಬೆಳಕಿಗೆ ಹಿಡಿದು ನೋಡಿಕೊಂಡರು. "ಮೊನ್ನೆ ಇದರಾಗ ಗೆರಿ ಇರ್ಲಿಲ್ಲ. ಮೂರು ದಿನದಾಗ ಬೆಳದಾವೇನ್ರಿ ಸಾಹೇಬ್ರ?" ಬೆರಳನ್ನು ಆ ಶಾಲಿಗೇ ಒರೆಸಿ, ಶಾಲು ಮಡಚಿ, ಮ್ಯಾನೇಜರ್ ಕೈಗಿಟ್ಟರು.

ವರದಿಯಲ್ಲಿ ಕೊನೆಗೂ ಬಿರುಗಾಳಿಯೇ ಬೀಸಿತು. ಲೈಸೆನ್ಸ್ ಇಲ್ಲವೆಂದು ತಾತನ ಹರಿಗೋಲು ನಿಲ್ಲಿಸಿದರು. ಹೆಲಿಕಾಪ್ಟರ್ ಮಾತ್ರ ಮುಂದಿನ ವರ್ಷವೇ ಮತ್ತೆ ಅದೇ ಮಡುವಿನ ಮೇಲೆ, ಅಷ್ಟೇ ಕೆಳಗೆ ಹಾರಿತು. ಥೂ.

ಈ ಬೇಸಿಗೆಯಲ್ಲಿ ತಾತ ಹೋದರು. ಸಾಹೇಬರು ವಾಪಸ್ ಕೊಟ್ಟ ಹಾಳೆ ನನ್ನಲ್ಲಿದೆ, ಡಿಗ್ರಿ ಸರ್ಟಿಫಿಕೇಟಿನ ಕವರಿನಲ್ಲೇ. ಕೆಳಗೆ ಒಂದು ಕಪ್ಪು ಕಲೆ, ಗೆರೆಯಿಲ್ಲ. ಯಾರು ಕೇಳಿದರೂ ತೆಗೆದು ಓದುತ್ತೇನೆ: "ಅವತ್ತು ಗಾಳಿ ಇರ್ಲಿಲ್ಲ."