ಕತ್ತರಿ ಮಾವನ ಓದು

ಆಫೀಸಿನಲ್ಲಿ ಎಲ್ಲರೂ ಅವರನ್ನು ಕತ್ತರಿ ಮಾವ ಎನ್ನುತ್ತಿದ್ದರು. ಎದುರಿಗೇ ಅನ್ನುತ್ತಿದ್ದರು, ಅವರೂ ನಗುತ್ತಿದ್ದರು. ಇಪ್ಪತ್ತೆರಡು ವರ್ಷ ಪತ್ರಿಕೆಯೊಂದರಲ್ಲಿ ಕರಡು ತಿದ್ದಿ, ಆ ಪತ್ರಿಕೆ ಬಾಗಿಲು ಹಾಕಿಕೊಂಡ ಮೇಲೆ ಐವತ್ತರ ಅಂಚಿನಲ್ಲಿ ಅವರಿಗೆ ಸಿಕ್ಕ ಕೆಲಸ ಇದು. ಟೈರ್ ಅಂಗಡಿಯ ಮೇಲಿನ ಮಹಡಿ, ಆರು ಕಂಪ್ಯೂಟರು, ಕಿಟಕಿ ತೆಗೆದರೆ ರಬ್ಬರಿನ ವಾಸನೆ. ಮನಸ್ಸಿನ ಸಂಕಟವನ್ನು ಮನೆಯಲ್ಲಿ ಹೇಳಿಕೊಳ್ಳಲಾಗದ ಹುಡುಗ ಹುಡುಗಿಯರು ಹೆಸರು ಮರೆಸಿ ಬರೆಯುವ ಆನ್‌ಲೈನ್ ಬಳಗವೊಂದನ್ನು ಅಲ್ಲಿಂದ ನಡೆಸುತ್ತಿದ್ದರು. ಬಂದ ಬರಹಗಳಲ್ಲಿ ಯಾವುದು ಉಳಿಯಬೇಕು, ಯಾವುದು ಹೋಗಬೇಕು ಎಂದು ತೀರ್ಮಾನಿಸುವುದು ಮಾವನ ಪಾಲಿನದು.

ಜೀವಕ್ಕೆ ಅಪಾಯ ತರುವ ವಸ್ತುವಿನ ಪ್ರಸ್ತಾಪ ಬಂದರೆ ಬರಹ ತೆಗೆದು, ಬರೆದವರಿಗೆ ಸಹಾಯವಾಣಿಯ ಸಂಖ್ಯೆಯಿರುವ ಸಿದ್ಧ ಉತ್ತರ ಕಳಿಸಬೇಕೆಂಬುದು ನಿಯಮ. ನಿಯಮದಲ್ಲಿ ತಪ್ಪೇನಿಲ್ಲ, ಅಲ್ಲಿ ಓದುವ ಮಿಕ್ಕ ಮಕ್ಕಳೂ ನೊಂದವರೇ. ತಪ್ಪಿದ್ದದ್ದು ಮಾವನ ಕಣ್ಣಿನಲ್ಲಿ. ಕರಡು ತಿದ್ದುವವನಿಗೆ ವಾಕ್ಯದ ಅರ್ಥ ಬೇಕಿಲ್ಲ, ತಪ್ಪು ಸಿಕ್ಕರೆ ಸಾಕು.

"ಪೂರ್ತಿ ಓದೋದೇ ಬೇಡ. ಆ ಪದ ತಾನಾಗೇ ಎದ್ದು ಬಂದು ಕಣ್ಣಿಗೆ ಹೊಡೆಯುತ್ತೆ," ಎಂದು ಹೊಸಬರ ಮುಂದೆ ಜಂಬ ಕೊಚ್ಚಿಕೊಳ್ಳುತ್ತಿದ್ದರು.

ಮಾವನಿಗಿಂತ ಇಪ್ಪತ್ತು ವರ್ಷ ಚಿಕ್ಕವಳಾದ ಮೇಲ್ವಿಚಾರಕಿ ಅವರ ವೇಗವನ್ನು ಹೊಗಳಿದ್ದೇ ಹೊಗಳಿದ್ದು. ನೊಂದವರ ಮಾತನ್ನು ಬೇಗ ಮುಗಿಸುವುದಕ್ಕೂ ಶಹಬ್ಬಾಸ್ ಸಿಗುವ ಕಾಲ ಇದು. ಮನೆಯಲ್ಲಿ ಹೆಂಡತಿ ಮಾತ್ರ, "ನನ್ನ ಮಾತನ್ನೂ ಅರ್ಧಕ್ಕೇ ಕತ್ತರಿಸ್ತೀರಿ," ಎನ್ನುತ್ತಿದ್ದಳು. ಅದನ್ನೂ ಮಾವ ಪೂರ್ತಿ ಕೇಳಿಸಿಕೊಂಡವರಲ್ಲ.

ಒಂದು ಮಧ್ಯಾಹ್ನ ಕಾಲೇಜು ಚೀಲ ಹೆಗಲಿಗೇರಿಸಿಕೊಂಡ ಹುಡುಗಿಯೊಬ್ಬಳು ವಿಳಾಸ ಹುಡುಕಿಕೊಂಡು ಮೆಟ್ಟಿಲು ಹತ್ತಿ ಬಂದಳು. ಒಂಬತ್ತು ದಿನದ ಹಿಂದೆ ತಾನು ಬರೆದದ್ದನ್ನು ತೆಗೆದಿದ್ದಾರೆ, ಅದು ವಾಪಸ್ ಬೇಕು ಎಂದಳು. ಮೇಲ್ವಿಚಾರಕಿ ಹುಡುಕಿ ನೋಡಿದಳು. ತೆಗೆದ ಬರಹ ಒಂದು ವಾರಕ್ಕೆ ತಾನಾಗಿ ಅಳಿಸಿಹೋಗುತ್ತಿತ್ತು. ಉಳಿದಿದ್ದದ್ದು ತೆಗೆದವರ ಹೆಸರು, ಅದಕ್ಕೆ ಅವರಿಗೆ ಹಿಡಿದ ಸಮಯ. ಏಳು ಸೆಕೆಂಡು.

"ನೀವೇ ತೆಗೆದಿದ್ದು ಮಾವ, ನೀವೇ ಸಮಾಧಾನ ಹೇಳಿ ಕಳಿಸಿ," ಎಂದು ಮೇಲ್ವಿಚಾರಕಿ ಮೆಲ್ಲಗೆ ಕೈತೊಳೆದುಕೊಂಡಳು.

ಮಾವ ಕುರ್ಚಿ ಎಳೆದು ಕೊಟ್ಟರು. "ಕೂತ್ಕೋಮ್ಮ. ಇನ್ನೊಂದ್ಸಲ ಬರೆದುಬಿಡು. ಅದಕ್ಕೇನಂತೆ?"

"ಬರೆಯಕ್ಕೆ ಆಗ್ತಿಲ್ಲ ಸರ್. ಅವತ್ತು ಒಂದು ದಿನ ನಾನು ಗಟ್ಟಿಯಾಗಿದ್ದೆ. ಹೇಗೆ ಗಟ್ಟಿಯಾದೆ ಅಂತ ಎಲ್ಲಾ ಬರೆದಿದ್ದೆ. ಈಗ ಮತ್ತೆ ಮೊದಲಿನ ಥರಾನೇ ಆಗಿದೀನಿ. ಏನು ಮಾಡಿದ್ದೆ ಅನ್ನೋದೇ ನೆನಪಾಗ್ತಿಲ್ಲ. ಅದನ್ನ ಓದಿದ್ರೆ ಗೊತ್ತಾಗ್ತಿತ್ತು." ಅವಳು ಚೀಲವನ್ನು ತೊಡೆಯ ಮೇಲೆ ಒತ್ತಿ ಹಿಡಿದಳು. "ಕಂಪ್ಯೂಟರಲ್ಲಿ ಇಲ್ದಿದ್ರೆ ಬಿಡಿ. ನೀವು ಓದಿದೀರಲ್ಲ, ನೆನಪಿರೋವಷ್ಟು ಹೇಳಿ. ನಾನು ಬರ್ಕೋತೀನಿ."

"ಚೆನ್ನಾಗಿ ಬರೆದಿದ್ದೆಮ್ಮ," ಎಂದುಬಿಟ್ಟರು ಮಾವ. ಹುಡುಗಿಯ ಮುಖ ಅರಳಿತು. ನೋಟ್‌ಬುಕ್ಕು, ಪೆನ್ನು ತೆಗೆದು ಕಾಯುತ್ತಾ ಕೂತಳು. ಅಷ್ಟು ನಂಬಿಕೆಯಿಂದ ಅವರ ಬಾಯನ್ನೇ ನೋಡುತ್ತಾ ಕೂತವರು ಈಚೆಗೆ ಯಾರೂ ಇರಲಿಲ್ಲ. ಮಾವನಿಗೆ ತಮ್ಮ ಮೇಲೆಯೇ ಹೇಸಿಗೆ ಹುಟ್ಟಿತು.

"ಸುಳ್ಳು ಹೇಳಿದೆ," ಎಂದರು ಕೊನೆಗೆ. "ನಾನು ಒಂದೇ ಒಂದು ಪದ ನೋಡಿದ್ದು."

"ಯಾವುದು?"

"ಮಾತ್ರೆ ಅಂತ ಇದ್ದಿರಬೇಕು. ಅಂಥದ್ದು ಕಂಡ್ರೆ ತೆಗೀತೀನಿ."

"ಅದನ್ನೆಲ್ಲಾ ಕಸದ ಬುಟ್ಟಿಗೆ ಸುರಿದೆ ಅಂತ ಬರೆದಿದ್ದೆ ಸರ್." ಹುಡುಗಿಗೆ ಕೋಪವೂ ಬರಲಿಲ್ಲ. "ಮುಂದಕ್ಕೆ ಓದ್ಲೇ ಇಲ್ವಾ?"

"ಇಲ್ಲ."

ಅವಳು ಪೆನ್ನಿನ ಮುಚ್ಚಳ ಹಾಕಿದಳು. ನೋಟ್‌ಬುಕ್ಕನ್ನು ಚೀಲಕ್ಕಿಟ್ಟು ಎದ್ದಳು.

"ತೆಗೆದ್ರೆ ತೆಗೀಲಿ, ತೆಗೆಯೋಕೆ ಮುಂಚೆ ಯಾರೋ ಒಬ್ರು ಓದಿರ್ತಾರಲ್ಲ ಅಂದ್ಕೊಂಡು ಒಂಬತ್ತು ದಿನ ತಳ್ಳಿದೆ ಸರ್," ಎಂದಳು.

ಮಾವ ಬಾಗಿಲವರೆಗೂ ಹಿಂದೆಯೇ ಹೋದರು. ಹೆಸರೇನಮ್ಮಾ ಎಂದು ಕೇಳುವಷ್ಟರಲ್ಲಿ ಅವಳು ಮೆಟ್ಟಿಲಿಳಿದಾಗಿತ್ತು.