ಸುಮಾರು ಎಂಬ ಮಾತು

ದೊಡ್ಡಾಸ್ಪತ್ರೆಯ ನೆಲಮಾಳಿಗೆಯ ಕಂಪ್ಯೂಟರ್ ಕೋಣೆಯಲ್ಲಿ ಅವನಿಗೆ ‘ಕರಾರುವಾಕ್ಕು’ ಎಂಬ ಅಡ್ಡಹೆಸರಿತ್ತು. ಇಟ್ಟವರು ಗೇಲಿಗೆ ಇಟ್ಟಿದ್ದರು. ಅವನು ಬಿರುದೆಂದು ತಿಳಿದು ಮೀಸೆ ತಿರುವಿದ್ದ. ಟೀ ಹೇಗಿದೆ ಎಂದರೂ ‘ಸುಮಾರು’ ಎಂದವನಲ್ಲ. ಆ ಮಾತು ಕೇಳಿದರೆ ಅವನಿಗೆ ಮೈಯೆಲ್ಲ ಉರಿ.

ರೋಗಿಗಳ ಹೆಸರು ಬರೆಸುವ ಪೇಜಿನ ನೆತ್ತಿಯ ಮೇಲೆ ‘ಇದುವರೆಗೆ ಬಂದವರು’ ಎಂಬ ಸಂಖ್ಯೆಯನ್ನು ಕೂರಿಸಿದವನು ಅವನೇ. ಪೇಜು ತೆರೆದಾಗಲೆಲ್ಲ ಕಂಪ್ಯೂಟರು, ರೋಗಿಗೊಂದು ಸಾಲಿನಂತೆ ಹೆಸರು ತುಂಬಿದ ಟೇಬಲ್ಲಿನ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಒಂದೊಂದನ್ನೇ ಮುಟ್ಟಿ ಎಣಿಸಬೇಕು. ಟೇಬಲ್ಲು ಚಿಕ್ಕದಿದ್ದಾಗ ಅದು ಚಿಟಿಕೆ ಹೊಡೆದಷ್ಟು ಸಲೀಸು. ಈಗ ಸಾಲುಗಳು ಕೋಟಿ ದಾಟಿದ್ದವು. ಕೆಳಗೆ ಈ ಸಾಲು ಎಣಿಸಿ ಮುಗಿಯುವಷ್ಟರಲ್ಲಿ, ಮೇಲೆ ಕೌಂಟರಿನ ಮುಂದೆ ಜನರ ಸಾಲು ಬಾಗಿಲು ದಾಟುತ್ತಿತ್ತು.

ಹೊಸದಾಗಿ ಬಂದ ಎಂಜಿನಿಯರ್ ಹುಡುಗಿ ಮೆತ್ತಗೆ ಹೇಳಿದಳು: “ಸರ್, ತನ್ನಲ್ಲಿ ಎಷ್ಟು ಸಾಲಿದೆ ಅಂತ ಡೇಟಾಬೇಸೇ ಒಂದು ಅಂದಾಜು ಇಟ್ಕೊಂಡಿರುತ್ತೆ. ಅದನ್ನೇ ತೋರಿಸಿದ್ರೆ ತಕ್ಷಣ ಬರುತ್ತೆ.”

“ಸುಮಾರು ಲೆಕ್ಕಾನಾ? ಅಮ್ಮಾ ತಾಯಿ, ಇದು ಆಸ್ಪತ್ರೆ!”

“ನೀವು ಎಣಿಸಿ ಮುಗಿಸೋಷ್ಟರಲ್ಲಿ ಇನ್ನೂ ನಾಲ್ಕು ಜನ ಸೇರ್ಕೊಂಡಿರ್ತಾರೆ ಸರ್. ನಿಮ್ಮ ಕರಾರುವಾಕ್ಕೂ ಹಳಸಿದ್ದೇ. ಅಷ್ಟಕ್ಕೂ ಅದನ್ನ ಓದೋರು ಯಾರು?”

“ನಾನು ಓದ್ತೀನಿ,” ಎಂದ. ಅದಂತೂ ನಿಜ. ಬೇರೆ ಯಾರೂ ಓದುತ್ತಿರಲಿಲ್ಲ.

ಅವನಿಗೆ ಎಣಿಸಲು ಕಲಿಸಿದ್ದು ಅಕ್ಕ. ತಾಯಿಯಿಲ್ಲದ ಮನೆಯಲ್ಲಿ ಬಟ್ಟೆ ಹೊಲಿದು ಅವನನ್ನು ಸಾಕಿದವಳು. ಅವಳ ಗುಂಡಿ ಡಬ್ಬಿಯನ್ನು ನೆಲಕ್ಕೆ ಸುರಿದು ಎಣಿಸುತ್ತಾ ಕೂರುತ್ತಿದ್ದ. ನಡುವೆ ಯಾರಾದರೂ ಮಾತಾಡಿಸಿದರೆ ಲೆಕ್ಕ ತಪ್ಪಿತೆಂದು ಮನೆ ಹಾರಿಹೋಗುವಂತೆ ಅಳುತ್ತಿದ್ದ. ಅಂಥವಳ ಬಾಯಲ್ಲಿ ಮಾತ್ರ ಸದಾ ಅದೇ ‘ಸುಮಾರು’. ಈಚೆಗೆ ಮೆಟ್ಟಿಲು ಹತ್ತಿದರೆ ಅವಳಿಗೆ ಏದುಸಿರು.

“ಹೇಗಿದೀಯಕ್ಕ?”

“ಸುಮಾರಾಗಿದೀನಿ ಕಣೋ.”

“ಸುಮಾರು ಅಂದ್ರೆ ಎಷ್ಟು? ಸೋಮವಾರ ಆಸ್ಪತ್ರೆಗೆ ಬಾ. ಹೃದಯದ ಡಾಕ್ಟರು ಮಧ್ಯಾಹ್ನದ ತನಕ ಇರ್ತಾರೆ. ಹೆಸರು ಬರೆಸೋದು ಹತ್ತೇ ನಿಮಿಷದ ಕೆಲಸ.”

ಆ ಸೋಮವಾರ ಕೌಂಟರಿನಿಂದ ಫೋನು ಬಂತು. “ಸರ್, ಪೇಜೇ ತೆರೀತಿಲ್ಲ. ಜನ ರಸ್ತೆ ತನಕ ಸಾಲು ನಿಂತಿದಾರೆ.”

“ಎಣಿಸ್ತಾ ಇದೆಯಪ್ಪಾ. ತಾಳ್ಮೆ ಇರಲಿ.”

ಮಧ್ಯಾಹ್ನ ಟೀ ಕುಡಿಯಲು ಮೇಲೆ ಬಂದರೆ, ಬೆಂಚಿನ ತುದಿಯಲ್ಲಿ ಅಕ್ಕ. ಚಪ್ಪಲಿ ಬಿಟ್ಟು, ಊದಿದ ಪಾದಗಳನ್ನು ತಣ್ಣನೆಯ ನೆಲಕ್ಕೆ ಒತ್ತಿಕೊಂಡು ಕೂತಿದ್ದಳು.

“ನನ್ನ ಸರದಿ ಬರೋ ಹೊತ್ತಿಗೆ ಡಾಕ್ಟರು ಎದ್ದುಹೋಗಿದ್ರು. ಮುಂದಿನ ವಾರ ಬಾ ಅಂದ್ರು ಕಣೋ.”

“ನಂಗೊಂದು ಫೋನ್ ಮಾಡೋಕೇನಾಗಿತ್ತು ನಿಂಗೆ?”

“ಕೆಳಗೆ ನೀನೇನೋ ಎಣಿಸ್ತಿದೀಯ ಅಂದ್ರಲ್ಲ ಕೌಂಟರಿನವ್ರು.” ಅಕ್ಕ ನಕ್ಕಳು, ಅರ್ಧ ನಗುವಿಗೇ ಉಸಿರು ಸಿಕ್ಕಿಕೊಂಡಿತು. “ಮಧ್ಯೆ ಮಾತಾಡಿಸಿದ್ರೆ ಲೆಕ್ಕ ತಪ್ಪುತ್ತೆ ನಿಂಗೆ.”

ಮುಂದಿನ ವಾರದವರೆಗೆ ಅವಳ ಎದೆ ಕಾಯಲಿಲ್ಲ. ಮನೆಯಲ್ಲಿ ಕುಸಿದವಳನ್ನು ಆಂಬುಲೆನ್ಸಿನಲ್ಲಿ ತಂದರು. ಈ ಸಲ ಹೆಸರು ಬರೆಸದೆಯೇ ಒಳಗೆ ಕರೆದೊಯ್ದರು. ಡಾಕ್ಟರು ಹೊರಬಂದು, “ಸ್ವಲ್ಪ ಮುಂಚೆ ನೋಡಿದ್ದಿದ್ರೆ…” ಎಂದು ಮಾತನ್ನು ಅಲ್ಲಿಗೇ ಬಿಟ್ಟು ಹೋದರು. ಸ್ವಲ್ಪವೆಂದರೆ ಎಷ್ಟೆಂದು ಅವನು ಕೇಳಲಿಲ್ಲ.

ಐಸಿಯು ಬಾಗಿಲಲ್ಲಿ ಕೂತವನನ್ನು ಹುಡುಕಿಕೊಂಡು ಆ ಎಂಜಿನಿಯರ್ ಹುಡುಗಿ ಬಂದಳು.

“ಆ ಎಣಿಕೆ ತೆಗೆದುಬಿಡಮ್ಮ,” ಎಂದ, ತಲೆಯೆತ್ತದೆ.

“ಆಗ್ಲಿ ಸರ್.” ಅವಳು ಪಕ್ಕದಲ್ಲಿ ಕೂತಳು. “ಅಕ್ಕ ಹೇಗಿದಾರೆ?”

ಅವನು ಮುಚ್ಚಿದ ಬಾಗಿಲನ್ನು ನೋಡಿದ. ಕರಾರುವಾಕ್ಕಾದ ಉತ್ತರ ಅವನಿಗೆ ಗೊತ್ತಿತ್ತು.

“ಸುಮಾರು,” ಎಂದ.